ಕುದುರೆಯ ವಾಸನೆ

ಹೊರಗೆ ರಾಯಚೂರು, ನಲವತ್ನಾಲ್ಕು ಡಿಗ್ರಿ.
ಒಳಗೆ ಇಪ್ಪತ್ತೈದು. ಅದು ನಮಗಲ್ಲ, ಬೇರುಗಳಿಗೆ.
ಕರೆಂಟು ಹೋದರೆ ನಾವು ಬೆವರಬಹುದು,
ಅವು ಬೆವರಕೂಡದು.

ನೂರಾ ಹನ್ನೆರಡು ಗಾಜಿನ ಸೀಸೆ.
ಒಂದೊಂದರಲ್ಲೂ ಹಿರೇಮದ್ದಿನ ಒಂದು ಹಿಡಿ ಬೇರು,
ಮಣ್ಣು ಕಾಣದ್ದು, ಎಲೆಯಿಲ್ಲದ್ದು,
ಬಾಚಣಿಗೆಗೆ ಬಂದ ಅಜ್ಜಿಯ ಕೂದಲುಂಡೆಯಂಥದ್ದು.
ಸಕ್ಕರೆನೀರಲ್ಲಿ ಮಲಗಿ
ಹಗಲಿರುಳು ಶೇಕರಿನ ಮೇಲೆ ತೂಗಿಸಿಕೊಳ್ಳುತ್ತ
ಬೆಳೆಯುತ್ತವೆ. ಬೆಳೆಯುವುದಷ್ಟೇ.
ಮದ್ದು? ಹೆಸರಿಗೊಂದು ಗುಲಗಂಜಿ.

ಹುಳ ಕಚ್ಚದ, ಬಿಸಿಲು ಸುಡದ, ಆಡು ಮೂಸದ ಬೇರು
ಯಾರಿಗಾಗಿ ಕಹಿಯಾಗಬೇಕು?

ಅದಕ್ಕೇ ಇಪ್ಪತ್ತೊಂದನೆಯ ದಿನ
ನಾನು ಅದಕ್ಕೊಂದು ಸುಳ್ಳು ಹೇಳುತ್ತೇನೆ.
ಕುದಿಸಿ ಕೊಂದ ಬೂಷ್ಟು, ಅದರ ಸೋಸಿದ ನೀರು,
ಪಿಪೆಟ್ಟಿನ ತುದಿಯಿಂದ ಎರಡು ಹನಿ.
ವೈರಿ ಇಲ್ಲ. ಅವನ ಅಂಗಿಯ ವಾಸನೆ ಮಾತ್ರ.
ಮೂರನೆಯ ಹನಿ ಬಿದ್ದರೆ ಬೇರು ಕಂದಿ ಸಾಯುತ್ತದೆ;
ಹೋದ ಫೆಬ್ರುವರಿಯಲ್ಲಿ ನಲವತ್ತು ಸೀಸೆ ಹಾಗೆ ಕೊಂದು
ನೋಟ್‌ಬುಕ್ಕಿನಲ್ಲಿ "ಕಂದುಬಣ್ಣ" ಎಂದಷ್ಟೇ ಬರೆದೆ.

ಸೀಸೆ ತೊಳೆಯುವ ಖಾಜಾಬಿ ಬಾಗಿಲಲ್ಲೇ ನಿಂತು ಕೇಳಿದಳು:
"ಹೆದರ್ಸಿ ತಗೀತೀರೇನ್ರಿ ಮೇಡಮ್ಮಾರ, ಔಷಧ?"
ಹೆದರಿಸೋದಲ್ಲ ಖಾಜಾಬಿ, ಪ್ರಚೋದನೆ ಅಂತಾರೆ, ಎಂದೆ.
"ಹೌದ್ರಿ, ನಮ್ಮ ಅತ್ತಿನೂ ಹಂಗ ಏನೋ ಅಂತಿದ್ಲು"
ಎಂದು ಬ್ರಷ್ಷು ಜಾಡಿಸಿದಳು.

ನಲವತ್ತೆಂಟು ಗಂಟೆಯಾದ ಮೇಲೆ
ಬೇರು ತೆಗೆದು, ಬರಿದಾದ ಸೀಸೆ ಅವಳ ಕೈಗಿತ್ತೆ.
ಮೂಗಿಗೆ ಹಿಡಿದವಳು ಹಾಗೇ ನಿಂತಳು.
"ನಮ್ಮಪ್ಪಂದು ಟಾಂಗಾ ಇತ್ರಿ, ಸ್ಟೇಷನ್ನಿಂದ ತೀನ್ ಕಂದೀಲ್ ತನಕ.
ಮಳ್ಯಾಗ ತೊಯ್ದ ಕುದ್ರಿ ಮೈ ಒರಸೋವಾಗ
ಇದಾ ವಾಸ್ನಿ."
ನಾನೂ ಮೂಸಿದೆ. ನನಗೆ ಸ್ಪಿರಿಟ್ಟು, ಅಷ್ಟೆ.

ಯಂತ್ರ ತನ್ನ ಶಿಖರ ಬರೆದದ್ದು ಮರುದಿನ ಮಧ್ಯಾಹ್ನ,
ಮೊದಲಿನದಕ್ಕಿಂತ ನಾಲ್ಕು ಪಟ್ಟು ಎತ್ತರ.
ಸಾಹೇಬರು ಚಹಾ ತರಿಸಿದರು, ಮಿರ್ಚಿ ಸಹಿತ.
ವರದಿಯಲ್ಲಿ ಕುದುರೆಗೆ ಜಾಗವಿರಲಿಲ್ಲ.

ಉಳಿದದ್ದು ಕಂಟ್ರೋಲ್, ಯಾರೂ ಹೆದರಿಸದ ಹತ್ತು ಸೀಸೆ.
ಬೆಳ್ಳಗೆ, ಒತ್ತಾಗಿ, ಬಸಿದಿಟ್ಟ ಶಾವಿಗೆಯಂತೆ.
"ಇವಕ್ಕೇನಾಗ್ಯಾದ್ರಿ? ಚಲೋ ಅದಾವಲ್ಲ."
ಚಲೋ ಇವೆ ಖಾಜಾಬಿ. ಏನೂ ಆಗಿಲ್ಲ. ಅದೇ...
ಮಾತು ಅಲ್ಲಿಗೇ ನಿಂತಿತು.

ಅವಳು ಆಟೋಕ್ಲೇವಿನ ಮುಚ್ಚಳ ತಿರುಗಿಸಿ ಬಿಗಿದಳು.
ಇಪ್ಪತ್ತು ನಿಮಿಷ. ಸೀಟಿ.
ಕೋಣೆ ತುಂಬ ಪಾಕದ ವಾಸನೆ,
ಪಕ್ಕದ ಮನೆಯಲ್ಲಿ ಯಾರೋ ಹಬ್ಬಕ್ಕೆ
ಏನೋ ಮಾಡುತ್ತಿದ್ದಂತೆ.