ಬಂದ ದಾರಿ

ಸೊರಬ ಬಿಟ್ಟ ಮೇಲೆ ಇದು ಹನ್ನೊಂದನೆಯ ಕೆರೆ.
ನಕ್ಷೆಯಲ್ಲಿ ನೀಲಿ. ಎದುರಿಗೆ ಹಸಿರು,
ದನ ಮೇಯಲೆಂದು ಇಳಿದುಬಿಡುವಷ್ಟು ಹಸಿರು.
ಹೋದ ವರ್ಷ ಒಂದು ಕರು ಹಾಗೇ ಇಳಿದಿತ್ತು ಎಂದ ಹಾಲೇಶ,
ಲಾರಿ ಟ್ಯೂಬಿಗೆ ಗಾಳಿ ಹೊಡೆಯುತ್ತ.
ಆಮೇಲೇನಾಯಿತೆಂದು ನಾನು ಕೇಳಲಿಲ್ಲ.

ಬಿಳಿ ಪೈಪಿನ ಚೌಕ, ಮೀಟರಿಗೆ ಮೀಟರು.
ನೀರ ಮೇಲೆ ತೇಲಿಬಿಡಬೇಕು,
ಒಳಗೆ ಸಿಕ್ಕಿದ್ದನ್ನಷ್ಟೇ ಎಣಿಸಬೇಕು,
ಹೊರಗಿನದು ಎಷ್ಟು ಚೆಂದವಿದ್ದರೂ ಲೆಕ್ಕಕ್ಕಿಲ್ಲ.
ಮೊದಲ ಚೌಕ: ಕತ್ತೆಕಿವಿ, ನೂರಕ್ಕೆ ನೂರು.
ಎರಡನೆಯದು: ನೂರು.
ಮೂರನೆಯದು ನೀರು ಮುಟ್ಟಲೇ ಇಲ್ಲ,
ಎಲೆಗಳ ಮೇಲೆ ಕೂತಿತು
ಫೋಟೊ ಕಳಚಿದ ಕಟ್ಟಿನ ಹಾಗೆ.
ಬುಡದ ಗಾಳಿಬುರುಡೆ ಹಿಚುಕಿದರೆ
ಮಗು ಕೆನ್ನೆ ಉಬ್ಬಿಸಿ ಬಿಟ್ಟ ಸದ್ದು.

ಕೋಡಿಯ ಕಡೆ ಒಂದಿಷ್ಟು ತೆರವು.
ಬಿಳಿ ನೈದಿಲೆ, ನಾಲ್ಕೇ ನಾಲ್ಕು.
ದಳದಂಚಿಗೆಲ್ಲ ರೋಮ ಬಿಟ್ಟುಕೊಂಡ ಒಂದು ಪುಟ್ಟ ಹೂ.
ಬೇರೇ ಇಲ್ಲದೆ ಹುಳ ಹಿಡಿದು ಬದುಕುವ ಹಳದಿ ಗುಳ್ಳೆಗಿಡ.
ಊರು ಪಾಚಿ ಎಂದು ಕೂಗುವ ಒಂದೇ ಹೆಸರಿಗೆ
ನನ್ನ ಕುಂಟೆಯ ಹಲ್ಲಿನಲ್ಲಿ ಐದು ಜಾತಿ ತೊಟ್ಟಿಕ್ಕುತ್ತಿದ್ದವು.

ಏರಿಯ ಕೆಳಗೆ ಕುಕ್ಕರುಗಾಲಲ್ಲಿ ಕೂತು
ಕೆರಿಯಮ್ಮ ಹೊನಗೊನೆ ಚಿವುಟುತ್ತಿದ್ದಳು.
ಮಡಿಲು ನೋಡಿದೆ. ಅರ್ಧ ಹೊನಗೊನೆ, ಅರ್ಧ ಅಲ್ಲ.
ಕಲಿಸುವ ಚಟ ನನಗೆ:
ನೋಡಿ, ಗೆಣ್ಣಿನ ಸಂದಿಯಲ್ಲಿ ಹೂ ಅಂಟಿ ಕೂತರೆ ಹೊನಗೊನೆ,
ತೊಟ್ಟು ಬೆಳೆಸಿ ಕತ್ತೆತ್ತಿದರೆ ಹೊರಗಿನ ಕಳೆ,
ಮುರಿದರೆ ದಂಟಿನೊಳಗೆ ಪೊಳ್ಳು.
ಎರಡನ್ನೂ ಮುರಿದಳು, ಮೂಸಿದಳು,
ಎರಡನ್ನೂ ಮಡಿಲಿಗೆ ಹಾಕಿಕೊಂಡಳು.
"ಬೆಳ್ಳುಳ್ಳಿ ಒಗ್ಗರಣೆ ಬಿದ್ದರೆ ಎರಡೂ ಒಂದೇ ಮಾರಾಯ್ತಿ.
ನಿಮ್ಮದು ಯಾವ ಕೆರೆ?"
ಇತ್ತು, ಈಗ ಅದರ ಮೇಲೆ ಬಸ್ ಸ್ಟ್ಯಾಂಡು ಎಂದೆ.
ಅಯ್ಯೋ ಎಂದಳು, ಸತ್ತವರ ಸುದ್ದಿ ಕೇಳಿದ ಹಾಗೆ.

ನಮೂನೆಯ ಕೊನೆಯ ಅಂಕಣ: ಕಳೆ ಬಂದ ದಾರಿ.
ನೆರೆ, ದೋಣಿ, ಮೀನುಮರಿ, ಅಲಂಕಾರ, ಗೊತ್ತಿಲ್ಲ.
ಹತ್ತು ಕೆರೆಗೂ ಗೊತ್ತಿಲ್ಲ ಎಂದೇ ಗುರುತು ಹಾಕಿದ್ದೆ.
ಕೇಳುವುದು ಕೆಲಸ, ಕೇಳಿದೆ.

"ನಾನೇ ತಂದದ್ದು.
ಸಣ್ಣ ಮಗಳಿಗೆ ಜ್ವರ, ಶಿವಮೊಗ್ಗದ ಆಸ್ಪತ್ರೆ, ಹದಿನೆಂಟು ದಿನ.
ಕಿಟಕಿಯ ಕೆಳಗೆ ಚಾನಲ್ಲು, ಅದರ ತುಂಬ ಈ ನೇರಳೆ ಹೂ,
ನಡುವೆ ನವಿಲುಗಣ್ಣು. ಅದೇ ಬೇಕು ಅಂತ ಹಟ.
ಮನೆಗೆ ಬಿಟ್ಟ ದಿನ ಡಾಲ್ಡಾ ಡಬ್ಬದಲ್ಲಿ ಒಂದೇ ಒಂದು ಗಿಡ,
ಬಸ್ಸಲ್ಲಿ ಒಂದು ತೊಡೆಗೆ ಮಗಳು, ಒಂದು ತೊಡೆಗೆ ಡಬ್ಬ.
ಡಬ್ಬದಲ್ಲಿ ಬಾಡ್ತು. ಅತ್ತಳು.
ಕೆರೆಗೆ ಬಿಟ್ಟೆ, ಬದುಕ್ಕೊಳ್ಳಲಿ ಅಂತ."

ನಲವತ್ತೊಂದು ಎಕರೆ.

"ಮೂರು ಸಲ ಜೆಸಿಬಿ ತರಿಸಿ ತೆಗೆಸಿದಾರೆ ಪಂಚಾಯ್ತಿಯವರು.
ಮೂರು ಸಲಕ್ಕೂ ಚಾ ನಂದೇ."
ಮಗಳು ಶಿಕಾರಿಪುರದಲ್ಲಿದ್ದಾಳೆ, ಎರಡು ಮಕ್ಕಳು,
ಹೂವಿನ ವಿಷಯ ಅವಳಿಗೆ ನೆನಪೇ ಇಲ್ಲವಂತೆ.

ಒದ್ದೆ ಕಾಗದದ ಮೇಲೂ ಪೆನ್ಸಿಲ್ಲು ಬರೆಯುತ್ತದೆ,
ಅದಕ್ಕೇ ನಮಗೆ ಪೆನ್ಸಿಲ್ಲು ಕೊಡುವುದು.
ಅಲಂಕಾರ ಎಂಬಲ್ಲಿ ಗುರುತು ಹಾಕಿದೆ.
ಆ ಶಬ್ದಕ್ಕೆ ಡಬ್ಬವಾಗಲಿ ತೊಡೆಯಾಗಲಿ ಗೊತ್ತಿರಲಿಲ್ಲ.
ಯಾರು ಎಂದು ಬರೆಯಲಿಲ್ಲ. ಜಾಗವೂ ಇರಲಿಲ್ಲ.

ಬೂಟು ತೊಳೆದೆವು, ಕುಂಟೆಯ ಹಲ್ಲು ಉಜ್ಜಿದೆವು,
ಟ್ಯೂಬನ್ನು ಎರಡು ಸಲ ಮಗುಚಿ ನೋಡಿದೆವು, ಚೂರು ಉಳಿಯಬಾರದು.
ಸೀಟಿನ ಮೇಲೆ ಕೆರಿಯಮ್ಮ ಕೊಟ್ಟ ಸೊಪ್ಪಿನ ಚೀಲ,
ಬೇಡವೆಂದರೂ ಕೇಳದೆ ಕೊಟ್ಟದ್ದು.
ಹನ್ನೆರಡನೆಯ ಕೆರೆಗೆ ಆರು ಕಿಲೋಮೀಟರು.
ಚೀಲದ ಬಾಯಿ ಕಟ್ಟಿದೆ.
ಗೇಟು ದಾಟಿದ ಮೇಲೆ ಬಿಚ್ಚಿ
ಮತ್ತೆ ಕಟ್ಟಿದೆ.