ಏಳನೇ ಅಟ್ಟಿ

ಸಿದ್ದಾಪುರದ ಈ ಕಾಫಿ ಮಂಡಿಯಲ್ಲಿ ನನ್ನ ಮೇಜು
ತೂಕದ ಕಾಟಾದಿಂದ ಹದಿನಾರು ಹೆಜ್ಜೆ,
ಗೋದಾಮಿನಾಚೆ ಗೋಡೆಗೆ ನೇತುಹಾಕಿದ ರೌಟರಿನಿಂದ ಮೂವತ್ತೊಂದು.
ಎಣಿಸಿದ್ದೇನೆ. ಮೊನ್ನೆಯಿಂದ ಬೇರೇನೂ ಎಣಿಸಿಲ್ಲ.

ಬಿಲ್ಲು ಮುಕ್ಕಾಲು ಹೋಗಿ ನಿಲ್ಲುತ್ತದೆ.
ಪುಟ್ಟ ಚಕ್ರವೊಂದು ತಿರುಗುತ್ತದೆ
ಗಾಣಕ್ಕೆ ಕಟ್ಟಿದ ಎತ್ತಿನ ಹಾಗೆ, ಎಣ್ಣೆ ಮಾತ್ರ ಬರುವುದಿಲ್ಲ.
ಜೀಪಿನಿಂದ ಚೀಲ ಇಳಿಸಿದವರು
ಚೀಟಿಗಾಗಿ ನನ್ನ ಮುಖ ನೋಡುತ್ತಾರೆ;
ನಾನು ಮೂಲೆಯ ಆ ಕಮಾನುಗಳನ್ನು ನೋಡುತ್ತೇನೆ.
ಮೂರು, ಎರಡು, ಒಂದು,
ಆಮೇಲೆ ಬರೀ ಚುಕ್ಕಿ.

ಎಲ್ಲರೂ ಮಾಡುವುದನ್ನು ಮೊದಲು ಮಾಡಿದೆ.
ಸ್ವಿಚ್ಚು ಆರಿಸಿ, ನೂರು ಎಣಿಸಿ, ಹಾಕಿದೆ.
ಈ ನೆಟ್‌ವರ್ಕ್ ಮರೆತುಬಿಡು ಎಂದೆ ಲ್ಯಾಪ್‌ಟಾಪಿಗೆ;
ಮರೆಯಿತು, ಎಷ್ಟು ಸಲೀಸಾಗಿ!
ಪಾಸ್‌ವರ್ಡ್ ಕೊಟ್ಟು ಮತ್ತೆ ಪರಿಚಯ ಮಾಡಿಸಿದರೆ
ಬೇಲಿ ಜಗಳದ ಪಂಚಾಯ್ತಿಗೆ ಬಂದ ಅಣ್ಣತಮ್ಮಂದಿರ ಹಾಗೆ
ಕೈ ಹಿಡಿದು, ಎರಡೇ ನಿಮಿಷಕ್ಕೆ ಬಿಟ್ಟರು.

ಬ್ಯಾಟರಿ ಉಳಿಸಲೆಂದು ಅದು ತೂಕಡಿಸುವುದುಂಟಂತೆ,
ಆ ಸೆಟ್ಟಿಂಗ್ ತೆಗೆದೆ. ಹಳೆಯ ಡ್ರೈವರ್ ಕಿತ್ತು ಹೊಸದು ಹಾಕುತ್ತೇನೆ ಎಂದೆ,
ಲಾರಿಯ ಜೋಯಪ್ಪ ಕೇಳಿಸಿಕೊಂಡು ಗಾಬರಿಯಾದ.

ಪಕ್ಕದ ಕೋಳಿ ಅಂಗಡಿ, ಎದುರಿನ ರಕ್ತಪರೀಕ್ಷೆಯ ಲ್ಯಾಬು,
ಮಹಡಿಯ ಹೊಲಿಗೆ ಕ್ಲಾಸು, ಎಲ್ಲರೂ ಆರನೇ ಚಾನೆಲ್ಲಿನಲ್ಲೇ
ಸಂತೆದಿನದ ಬಸ್ಸಿಗೆ ನೇತಾಡಿದಂತೆ ನೇತಾಡುತ್ತಿದ್ದರು.
ನಮ್ಮದನ್ನು ಹನ್ನೊಂದಕ್ಕೆ ಸರಿಸಿದೆ.
ಊಟದವರೆಗೆ ಸುಖ.

ಕೊನೆಗೆ ಕಪ್ಪು ಕಿಟಕಿ ತೆರೆದು ಪಿಂಗ್ ಹಚ್ಚಿದೆ.
ಇಲ್ಲಿಂದ ಕೂಗು, ಅಲ್ಲಿಂದ ಓ.
ನಾಲ್ಕು ಮಿಲಿಸೆಕೆಂಡು. ಐದು. ನಾಲ್ಕು.
ಇನ್ನೂರ ಹತ್ತು.
ಉತ್ತರವಿಲ್ಲ.
ಉತ್ತರವಿಲ್ಲ.
ಕಾಡಂಚಿನ ತೋಟದಲ್ಲಿ ರಾತ್ರಿ ಆನೆ ಕಾಯುವವರು
ಒಬ್ಬರನ್ನೊಬ್ಬರು ಕೂಗುವುದು ಹೀಗೇ;
ಓ ಬಾರದ ಕಡೆಗೇ ಎಲ್ಲರ ಟಾರ್ಚು ತಿರುಗುತ್ತದೆ.

ಲ್ಯಾಪ್‌ಟಾಪನ್ನು ಆರತಿ ತಟ್ಟೆಯಂತೆ ಅಂಗೈಯಲ್ಲಿ ಹಿಡಿದು
ಗೋದಾಮಿನೊಳಗೆ ನಡೆದೆ.
ಒಂದನೇ ಅಟ್ಟಿ: ನಾಲ್ಕು. ಮೂರನೆಯದು: ಆರು.
ಐದರ ಹಿಂದೆ ಒಂಬತ್ತು, ಪರವಾಗಿಲ್ಲ.
ಏಳನೇ ಅಟ್ಟಿಯ ಹಿಂದೆ ನಿಂತು ಕೂಗಿದರೆ
ಕೆಸರಿಗೆ ಕಲ್ಲು ಹಾಕಿದ ಹಾಗೆ.
ನೂರ ನಲವತ್ತು ಚೀಲ, ಅದೇ ಸೆಣಬು, ಅದೇ ಚೆರಿ, ಅದೇ ಎತ್ತರ;
ಉಳಿದವು ದಾಟಗೊಟ್ಟದ್ದನ್ನು
ಇದೊಂದು ಕುಡಿಯುತ್ತಿತ್ತು.

ಕುಡಿಯುತ್ತಿದೆ ಎಂದು ಬಾಯಿಬಿಟ್ಟು ಹೇಳಿದ ಮೇಲೆಯೇ
ಹೊಳೆದದ್ದು ನನಗೆ.
ನೀರು.

ಮೊಯ್ದು ಕಾಕನನ್ನು ಕರೆದೆ. ತೇವ ಅಳೆಯುವ ಮೀಟರಿದ್ದರೂ
ತಮ್ಮ ಬಾಚಿಹಲ್ಲನ್ನೇ ನಂಬುವ ಮನುಷ್ಯ.
ಮೇಲಿನ ಸಾಲಿಗೆ ಕೊಳವೆ ಚುಚ್ಚಿ, ಬೀಜ ಕಚ್ಚಿದರು: ಟಕ್.
"ಒಣಗಿದೆಯಲ್ಲ ಮೋಳೇ."
ಅಟ್ಟಿಯ ಹೊಟ್ಟೆಯಿಂದ ಒಂದು ಚೀಲ ಎಳೆಸಿದೆ.
ಕಚ್ಚಿದರು. ಸದ್ದಿಲ್ಲ.
ಅಂಗೈಗೆ ಉಗುಳಿದ ಬೀಜದ ಮೇಲೆ
ಹಲ್ಲಿನ ಗುರುತು ಮೆತ್ತಗೆ ಉಳಿದಿತ್ತು.

ಹೂಮಳೆ. ತೋಟಕ್ಕೆ ಬಂಗಾರ, ಕಣಕ್ಕೆ ಕೇಡು.
ಯಾರದೋ ಟಾರ್ಪಾಲು ಅರ್ಧ ಗಂಟೆ ತಡವಾಗಿ ಬಂದಿದೆ,
ನೆಂದದ್ದು ಒಣಗಿದ ಚೀಲಗಳ ಟೊಪ್ಪಿ ಹಾಕಿಕೊಂಡು
ನಮ್ಮ ಬಾಗಿಲಿಗೆ ಬಂದಿದೆ.

ಮಂಡಿಯ ಒಡತಿ ದೇಚಮ್ಮ ಕನ್ನಡಕ ಏರಿಸಿದರು:
"ಮಾರಿದವರಿಗೆ ಏನು ಹೇಳಲಿ?
ನಮ್ಮ ವೈಫೈ ಚಾಡಿ ಹೇಳಿತು ಅಂತಲೇ?"
ಮೊಯ್ದುವಿನ ಹಲ್ಲು ಹೇಳಿತು ಎಂದು ಫೋನು ಮಾಡಿದರು.
ಅದಕ್ಕೆ ಈ ಸೀಮೆಯಲ್ಲಿ ಯಾರೂ ಎದುರಾಡುವುದಿಲ್ಲ.

ಏಳನೇ ಅಟ್ಟಿ ಈಗ ಅಂಗಳದ ಬಿಸಿಲಿನಲ್ಲಿ ಹರಡಿಕೊಂಡಿದೆ.
ಬಿಲ್ಲುಗಳು ಹೋಗುತ್ತಿವೆ. ಕಮಾನು ಮೂರೂ ನಿಂತಿವೆ.
ಕಪ್ಪು ಕಿಟಕಿಯನ್ನು ನಾನಿನ್ನೂ ಮುಚ್ಚಿಲ್ಲ.

ನಿನ್ನೆ ಹೊಸ ಲಾಟು ಇಳಿಯಿತು.
ಬೀಜವನ್ನು ಬಾಯಿಯ ಹತ್ತಿರ ತಂದ ಮೊಯ್ದು ಕಾಕ
ಗಳಿಗೆ ತಡೆದು, ನನ್ನತ್ತ ಹುಬ್ಬು ಹಾರಿಸಿದರು.
ಐದು ಬೆರಳು ತೋರಿಸಿದೆ.
ತಲೆಯಾಡಿಸಿದರು.
ಆದರೂ ಕಚ್ಚಿದರು.