ಎಂಬತ್ತೆಂಟನೆಯ ಪುಟ

ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಅರವತ್ತು ರೂಪಾಯಿಗೆ ಸಿಕ್ಕಿತು,
ಸಿಇಟಿ ಗೈಡುಗಳ ರಾಶಿಯಡಿ, ಬೆನ್ನು ಸೀಳಿದ್ದು.
ರಟ್ಟಿನ ಮೇಲೆ ಅದೇ ಹಡಗುಕಟ್ಟೆ, ಅದೇ ದೀಪಗೋಪುರ,
ಹೆಗಲಿಗೆ ಹಗ್ಗದ ಸುರುಳಿ ಹಾಕಿಕೊಂಡ ಅದೇ ಹುಡುಗ.
ಆಟದಿಂದ ಬರೆದ ಕಾದಂಬರಿ ಇದು ಎಂದಿತ್ತು
ಕೆಳಗೆ, ಚಿಕ್ಕದಾಗಿ,
ತಪ್ಪೊಪ್ಪಿಕೊಂಡ ಹಾಗೆ.

ಇವನನ್ನು ನಾನು ಬಲ್ಲೆ.
ಶ್ರೀರಾಮಪುರದಲ್ಲಿ, ಇಮ್ತಿಯಾಜ್ ಭಾಯಿಯ ಸೈಬರಿನಲ್ಲಿ
ಗಂಟೆಗೆ ಹದಿನೈದು ಕೊಟ್ಟು
ಎರಡು ಬೇಸಿಗೆ ಇವನನ್ನು ಓಡಿಸಿದ್ದೇನೆ
ಹೆಂಚಿನಿಂದ ಹೆಂಚಿಗೆ.
ಪಕ್ಕದ ಕುರ್ಚಿಯಲ್ಲಿ ಕುಪ್ಪುರಾಜ,
‘ಹಾರು ಮಗಾ, ಈಗ, ಈಗ’ ಅಂತ ನನ್ನ ತೊಡೆಗೆ ಗುದ್ದುತ್ತ.
ಕೋಟೆಯ ಉತ್ತರದ ಗೋಡೆ ಮಾತ್ರ ದಾಟಲಾಗಲಿಲ್ಲ.
ಒಮ್ಮೆ ಕರೆಂಟು ಹೋಯಿತು, ಒಮ್ಮೆ ಗಂಟೆ ಮುಗಿಯಿತು,
ಮಿಕ್ಕಂತೆ ಸತ್ತೆ.
ಸತ್ತಷ್ಟು ಸಲವೂ ದೀಪಗೋಪುರದ ಬುಡದಲ್ಲಿ ಎದ್ದು
ಬಟ್ಟೆ ಕೊಡವಿಕೊಂಡು ಹೊರಟೆ.

ಈಗ ಮೆಟ್ರೋದಲ್ಲಿ,
ಒರಗಬೇಡಿ ಎಂದು ಬರೆದಿರುವ ಬಾಗಿಲಿಗೆ ಒರಗಿ
ದಿನಕ್ಕೆ ನಾಲ್ಕು ಸ್ಟೇಷನ್ನು ಓದುತ್ತೇನೆ.
ಸಂಪಿಗೆ ರಸ್ತೆ ದಾಟಿ ರೈಲು ನೆಲದೊಳಕ್ಕಿಳಿದಾಗ
ಹುಡುಗನೂ ಸುರಂಗಕ್ಕಿಳಿದಿದ್ದ, ಮೊನ್ನೆ.
ಪುಸ್ತಕ ಇಂಗ್ಲಿಷಿನದು.
ಗೊತ್ತಿಲ್ಲದ ಪದ ಬಂದರೆ ನಿಲ್ಲುವುದಿಲ್ಲ,
ಇವನು ಓಣಿ ಹಾರುವ ಹಾಗೆ ಹಾರಿಬಿಡುತ್ತೇನೆ.
ಬಿದ್ದರೆ ಸಾಲಿನ ಮೊದಲಿಗೆ ಬಂದು ಏಳುತ್ತೇನೆ.

ಆಟದಲ್ಲಿ ಇವನು ಒಮ್ಮೆಯೂ ಉಂಡದ್ದು ನೋಡಿರಲಿಲ್ಲ.
ಇಲ್ಲಿ ಒಣಮೀನು ತಿಂದು ಬೆರಳು ನೆಕ್ಕುತ್ತಾನೆ,
ಹಾರುವ ಮೊದಲು ಹೆದರುತ್ತಾನೆ,
ಅಮ್ಮನಿಗೆ ಸುಳ್ಳು ಹೇಳುತ್ತಾನೆ.
ಇಷ್ಟು ಹೆದರುವವನೆಂದು ಗೊತ್ತಿದ್ದರೆ
ಅಷ್ಟೆತ್ತರದಿಂದ ತಳ್ಳುತ್ತಿರಲಿಲ್ಲ.

ಆಮೇಲೆ ಎಂಬತ್ತೆಂಟನೆಯ ಪುಟ.
ಉತ್ತರದ ಗೋಡೆಯ ಕಾವಲುಗಾರ.
ಹದಿನೇಳು ಹೆಜ್ಜೆ ಆಚೆ, ಹದಿನೇಳು ಈಚೆ,
ನಡುವೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದ, ಪೆದ್ದನಂತೆ.
ಡಬ್ಬ ಅನ್ನುತ್ತಿದ್ದೆವು ಅವನಿಗೆ.
ಹಿಂದಿನಿಂದ ಹೋಗಿ ಸ್ಪೇಸ್ ಒತ್ತಿದರೆ ಸಾಕು,
ಮಡಿಸಿಟ್ಟ ಕೊಡೆಯ ಹಾಗೆ ಕುಸಿಯುತ್ತಿದ್ದ.

ಅವನಿಗೆ ಹೆಸರಿದೆಯಂತೆ. ಬಾಸ್ತ್ಯಾನ್.
ಆ ರಾತ್ರಿ ಅವನಿಗೆ ಹಲ್ಲುನೋವು,
ಎಡಗಡೆ, ಕೆಳದವಡೆ.
ಲವಂಗ ಒತ್ತಿಟ್ಟುಕೊಂಡಿದ್ದಾನೆ.
ಕಡಲ ಗಾಳಿ ಕೆನ್ನೆಗೆ ಬಡಿಯದಿರಲೆಂದು
ಅದಕ್ಕೆ,
ಅದಕ್ಕೇ ಬೆನ್ನು ತಿರುಗಿಸಿ ನಿಂತದ್ದು.

ನಾನು ಚಾಮರಾಜಪೇಟೆಯ ಲ್ಯಾಬೊಂದರಲ್ಲಿ ಕಟ್ಟುಹಲ್ಲು ಮಾಡುವವನು.
ದಿನಾ ಇಪ್ಪತ್ತು ದವಡೆ, ಸುಣ್ಣದಂಥ ಬಿಳಿಯವು,
ನನ್ನ ಮೇಜಿನ ಮೇಲೆ ಬಾಯಿ ಬಿಟ್ಟುಕೊಂಡು ಕೂರುತ್ತವೆ.
ಯಾವುದಕ್ಕೂ ಹೆಸರಿಲ್ಲ, ಪೆನ್ಸಿಲಿನಲ್ಲಿ ನಂಬರು.
ಆ ಹಲ್ಲು ಯಾವುದೆಂದು ನನಗೆ ಗೊತ್ತು.
ಆ ನೋವಿಗೆ ಎಷ್ಟು ಹೊತ್ತಿಗೆ ಕಣ್ಣು ತುಂಬುತ್ತದೆಂದೂ ಗೊತ್ತು.

ಚಿಕ್ಕಪೇಟೆಯಲ್ಲಿ ಪುಸ್ತಕ ಮುಚ್ಚಿ, ಬೆರಳು ಒಳಗೇ ಇಟ್ಟು
ಕುಪ್ಪುರಾಜನ ಹಳೇ ನಂಬರಿಗೆ ಬರೆದೆ:
‘ಡಬ್ಬನಿಗೆ ಹೆಸರಿದೆ ಕಣೋ.’

ಮಾರ್ಕೆಟ್ಟಿನಲ್ಲಿ ಇಳಿದು ಕೋಟೆ ಬಾಗಿಲ ಮುಂದೆ ಹಾಯುವಾಗ
ಈಗಲೂ ಕಣ್ಣು ತಾನಾಗಿ ಹುಡುಕುತ್ತದೆ
ಗೋಡೆಯಲ್ಲಿ ಎಲ್ಲಿ ಕೈ ಸಿಗುತ್ತದೆ, ಎಲ್ಲಿ ಕಾಲು.
ಒಳಗೆ ನೆರಳಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ
ಕಾವಲಿನವನೊಬ್ಬ ಬನ್ನು ಚಹಾಕ್ಕೆ ಅದ್ದುತ್ತಿದ್ದ.
ಬಲಗಡೆಯಿಂದ ಅಗಿಯುತ್ತಿದ್ದ.

ಸಂಜೆ ವಾಪಸು ಬರುವಾಗ ಪುಟ ತಿರುಗಿಸಿದೆ.
ಒಂದೂವರೆ ಸಾಲು.
ಲವಂಗ ಬಾಯಿಂದ ಜಾರಿ ಕಲ್ಲಿಗೆ ಬಿತ್ತು
ಎಂದಷ್ಟೇ ಬರೆದಿದ್ದಾರೆ.
ಹುಡುಗ ಗೋಡೆ ದಾಟಿದ.
ಆಚೆಗೆ ಏನಿದೆಯೆಂದು ಹದಿನೆಂಟು ವರ್ಷ ಕಾದವನು ನಾನು,
ಎರಡು ದಿನದಿಂದ ಪುಸ್ತಕ ಚೀಲದಿಂದ ತೆಗೆದಿಲ್ಲ.

ಇವತ್ತು ಕುಪ್ಪುರಾಜನ ಉತ್ತರ ಬಂತು:
‘ಯಾವ ಡಬ್ಬ? ಯಾರು ಇದು?’

ಕೈತುಂಬ ಪ್ಲಾಸ್ಟರು.
ಒರೆಸಿಕೊಂಡು
ಹೆಸರು ಬರೆದು ಕಳಿಸಬೇಕು.